ಗೇಮ್‌ಗೂ ಸಿನಿಮಾಕ್ಕೂ ಎರಡು ಮಾನಿಟರ್ ಹಾಕೋರಿಗೆ

ಒಂದೇ ಥರದ ಎರಡು ಮಾನಿಟರ್ ಪಕ್ಕಪಕ್ಕ ಇಟ್ಟು, ಎರಡರಲ್ಲೂ ಹರಡಿ ಗೇಮ್ ಆಡುವ ಯೋಚನೆ ಇದ್ದರೆ ಬಿಟ್ಟುಬಿಡಿ. ಶೂಟಿಂಗ್ ಗೇಮ್‌ನಲ್ಲಿ ನಡುವಿನ ಅಂಚು ಸರಿಯಾಗಿ ಗುರಿಯ ಮೇಲೇ ಬರುತ್ತದೆ. ಹರಡಿ ಆಡಬೇಕೆಂದರೆ ಮೂರು ಬೇಕು. ಸಿನಿಮಾಕ್ಕೆ ಆ ಮೂರರಿಂದ ಏನೂ ಲಾಭವಿಲ್ಲ.

ನನ್ನ ಪ್ರಕಾರ ಕೆಲಸ ಹಂಚಿಬಿಡುವುದೇ ವಾಸಿ. ಎದುರಿಗೆ 27 ಇಂಚಿನ 1440ಪಿ (ಮೇಲಿಂದ ಕೆಳಗೆ 1440 ಸಾಲು ಚುಕ್ಕೆ), 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಮಾನಿಟರ್, ಗೇಮ್‌ಗೆ. ಪಕ್ಕದಲ್ಲಿ ಸಿನಿಮಾಕ್ಕೆ 60 ಹರ್ಟ್ಸ್‌ನ 4ಕೆ (ಇನ್ನೂ ಹೆಚ್ಚು ಚುಕ್ಕೆಗಳಿರುವ) ಮಾನಿಟರ್ ಸಾಕು. ಹೆಚ್ಚಿನ ಸಿನಿಮಾ ಸೆಕೆಂಡಿಗೆ 24 ಫ್ರೇಮ್ ಅಷ್ಟೇ ಅಲ್ವಾ? ಇಲ್ಲಿ ದುಡ್ಡು ಹಾಕಬೇಕಾದ್ದು ಕಪ್ಪು ಬಣ್ಣ ಕಪ್ಪಾಗೇ ಕಾಣೋದಕ್ಕೆ, ಅದು ಪ್ಯಾನೆಲ್ (ಪರದೆ) ಯಾವ ಬಗೆಯದು ಅನ್ನೋದರ ಮೇಲಿದೆ. ಐಪಿಎಸ್ ಪ್ಯಾನೆಲ್‌ನ ಕಾಂಟ್ರಾಸ್ಟ್ (ಬಿಳಿಗೂ ಕಪ್ಪಿಗೂ ಇರುವ ಬೆಳಕಿನ ಅಂತರ) ಸಾಮಾನ್ಯವಾಗಿ 1000:1 ಆಸುಪಾಸು, ವಿಎ ಅನ್ನೋ ಇನ್ನೊಂದು ಬಗೆಯ ಪ್ಯಾನೆಲ್‌ನದು 3000:1ರ ಹತ್ತಿರ. ಲೈಟ್ ಆರಿಸಿ ರಾತ್ರಿಯ ದೃಶ್ಯ ನೋಡಿ, ಐಪಿಎಸ್‌ನಲ್ಲಿ ಕಪ್ಪು ಬೂದಿ ಬಣ್ಣಕ್ಕೆ ತಿರುಗಿರುತ್ತದೆ. ಓಎಲ್‌ಇಡಿ (ಪ್ರತಿ ಚುಕ್ಕೆಯೂ ತಾನೇ ಬೆಳಗುವ ಪರದೆ) ಇವೆರಡಕ್ಕಿಂತ ಚೆನ್ನ, ಬೆಲೆಯೂ ಜಾಸ್ತಿ.

ಎರಡರ ಬದಲು 21:9 ಅಲ್ಟ್ರಾವೈಡ್ (ಅಗಲ ಹೆಚ್ಚಿರುವ ಮಾನಿಟರ್, ಅಗಲ-ಎತ್ತರದ ಅನುಪಾತ 21ಕ್ಕೆ 9) ಒಂದೇ ಸಾಕಾ ಅನ್ನೋರಿಗೆ: ಅಗಲದ ಸಿನಿಮಾ ತುಂಬಿ ಬರುತ್ತದೆ, ಆದರೆ ಮಾಮೂಲಿ 16:9 ವಿಡಿಯೋಗೆ ಎರಡೂ ಬದಿ ಕಪ್ಪು ಪಟ್ಟಿ.

ಹಾಂ, ಕೇಬಲ್ ಗ್ರಾಫಿಕ್ಸ್ ಕಾರ್ಡಿಗೇ ಚುಚ್ಚಿ, ಮದರ್‌ಬೋರ್ಡಿಗಲ್ಲ. ಆಮೇಲೆ ವಿಂಡೋಸ್ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ 144 ಆರಿಸಿ. ಎಷ್ಟೋ ಸಲ ಅದು ಸುಮ್ನೆ 60ರಲ್ಲೇ ಕೂತಿರುತ್ತದೆ.