ಪಂಚಾಯಿತಿಗೆ ಬಂದ ಮನೆಗಳನ್ನು ಅರ್ಹರಿಗೇ ಮುಟ್ಟಿಸುವ ಬಗೆ

ಬಡವರಿಗಾಗಿ ಇರುವ ಸರ್ಕಾರದ ವಸತಿ ಯೋಜನೆಗಳಲ್ಲಿ ಗ್ರಾಮ ಪಂಚಾಯಿತಿಗೆ ಈ ವರ್ಷ ಇಷ್ಟು ಮನೆಗಳ ಗುರಿ ಬಂದಿದೆ ಎಂಬ ಸುದ್ದಿ ಊರಿಗೆ ಮುಟ್ಟಿದ ಮೇಲೆ ಪಟ್ಟಿ ಮಾಡಲು ಕುಳಿತರೆ ಆಗಲೇ ತಡವಾಗಿರುತ್ತದೆ. ಗುರಿ ಬಂದಾಗ ಕಾಲಾವಕಾಶ ಕಡಿಮೆ ಇರುತ್ತದೆ, ಒತ್ತಡ ಹೆಚ್ಚಿರುತ್ತದೆ, ಸದಸ್ಯರ ಮನೆ ಬಾಗಿಲಿಗೆ ಬಂದು ಕೇಳುವ ಶಕ್ತಿ ಇದ್ದವರ ಹೆಸರೇ ಮೊದಲು ಪಟ್ಟಿಗೆ ಏರುತ್ತದೆ. ಆದ್ದರಿಂದ ಹೊಸದಾಗಿ ಆಯ್ಕೆಯಾದ ಸದಸ್ಯರು ಮತ್ತು ಪಂಚಾಯಿತಿ ಅಭಿವೃದ್ಧಿ ಅಧಿಕಾರಿಗಳು ಈ ಕೆಲಸವನ್ನು ಗುರಿ ಬರುವ ಮೊದಲೇ, ವಾರ್ಡ್ ಸಭೆಯಿಂದಲೇ ಆರಂಭಿಸಬೇಕು.

ಮೊದಲಿಗೆ, ಬಂದಿರುವ ಅನುದಾನ ಯಾವ ಯೋಜನೆಯದು ಎಂಬುದನ್ನು ಸ್ಪಷ್ಟಪಡಿಸಿಕೊಳ್ಳಿ. ಬಸವ ವಸತಿ, ಡಾ. ಬಿ.ಆರ್. ಅಂಬೇಡ್ಕರ್ ನಿವಾಸ್ ಮುಂತಾದ ರಾಜ್ಯದ ಯೋಜನೆಗಳು ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಬರುತ್ತವೆ. ಅವುಗಳಲ್ಲಿ ಫಲಾನುಭವಿಗಳನ್ನು ಆರಿಸುವ ಕೆಲಸ ಗ್ರಾಮ ಸಭೆಯದು. ಕೇಂದ್ರದ ಪ್ರಧಾನ ಮಂತ್ರಿ ಆವಾಸ್ (ಗ್ರಾಮೀಣ) ಯೋಜನೆಯಲ್ಲಿ ಹಾಗಲ್ಲ. ಅಲ್ಲಿ ಹೆಸರುಗಳು ಸಮೀಕ್ಷೆಯಿಂದ ಬರುತ್ತವೆ: ಮೊದಲು 2011ರ ಸಾಮಾಜಿಕ, ಆರ್ಥಿಕ ಮತ್ತು ಜಾತಿ ಗಣತಿ, ಆಮೇಲೆ ಆ ಗಣತಿಯಲ್ಲಿ ಬಿಟ್ಟುಹೋದವರನ್ನು ಗುರುತಿಸಲು ಮಾಡಿದ ಆವಾಸ್ ಪ್ಲಸ್ ಪಟ್ಟಿ. ಗ್ರಾಮ ಸಭೆ ಅದನ್ನು ಪರಿಶೀಲಿಸಿ, ಅನರ್ಹರನ್ನು ಕೈಬಿಟ್ಟು, ಆದ್ಯತೆಯನ್ನು ದೃಢಪಡಿಸುತ್ತದೆ. ಈ ವ್ಯತ್ಯಾಸ ತಿಳಿಯದೆ "ನಿಮ್ಮ ಹೆಸರು ಸೇರಿಸುತ್ತೇನೆ" ಎಂದು ಮಾತು ಕೊಟ್ಟ ಸದಸ್ಯರು ಆಮೇಲೆ ಜನರ ಮುಖ ನೋಡಲಾಗದೆ ಕಷ್ಟಪಟ್ಟಿದ್ದಾರೆ. ಸಮೀಕ್ಷೆ ನಡೆಯುವಾಗ ಬಿಟ್ಟುಹೋದ ಕುಟುಂಬಕ್ಕೆ ಕೇಂದ್ರದ ಯೋಜನೆಯಲ್ಲಿ ಆಮೇಲೆ ಜಾಗ ಮಾಡಿಕೊಡುವುದು ಬಹಳ ಕಷ್ಟ. ಹಾಗಾಗಿ ಸಮೀಕ್ಷೆಯ ದಿನಗಳಲ್ಲಿ ಕೂಲಿಗೆಂದು ಊರು ಬಿಟ್ಟು ಹೋದವರನ್ನು ಫೋನ್ ಮಾಡಿಯಾದರೂ ಕರೆಸಿಕೊಳ್ಳಿ.

ಆದ್ಯತೆಯ ವಿಷಯದಲ್ಲಿ ಕೇಂದ್ರದ ಮಾರ್ಗಸೂಚಿ ಖಚಿತವಾಗಿದೆ. ಸೂರೇ ಇಲ್ಲದವರು, ಭಿಕ್ಷೆ ಬೇಡಿ ಬದುಕುವವರು, ಮಲ ಹೊರುವ ವೃತ್ತಿಯಲ್ಲಿದ್ದವರು, ಜೀತದಿಂದ ಬಿಡುಗಡೆಯಾದವರು ಮತ್ತು ನಮ್ಮ ಜೇನು ಕುರುಬ, ಕೊರಗರಂತಹ ವಿಶೇಷವಾಗಿ ದುರ್ಬಲವಾದ ಬುಡಕಟ್ಟಿನವರು ಎಲ್ಲರಿಗಿಂತ ಮೊದಲು. ನಂತರ ಕಚ್ಚಾ ಗೋಡೆ, ಕಚ್ಚಾ ಮಾಡಿನ ಒಂದು, ಎರಡು ಕೋಣೆಯ ಮನೆಗಳವರು. ನಾಲ್ಕು ಚಕ್ರದ ವಾಹನ ಇದ್ದವರು, ಆದಾಯ ತೆರಿಗೆ ಕಟ್ಟುವವರು, ಸರ್ಕಾರಿ ನೌಕರರಿರುವ ಕುಟುಂಬದವರು ಅರ್ಹರಲ್ಲ.

ಸಭೆಯನ್ನು ಕರೆಯುವ ಕ್ರಮದಲ್ಲಿಯೇ ಅರ್ಧ ನ್ಯಾಯ ಅಡಗಿದೆ. ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರ ಪ್ರಕಾರ ವಾರ್ಡ್ ಸಭೆ ಮತ್ತು ಗ್ರಾಮ ಸಭೆ ಆರು ತಿಂಗಳಿಗೆ ಒಮ್ಮೆಯಾದರೂ ಸೇರಬೇಕು. ಮೊದಲು ವಾರ್ಡ್ ಸಭೆಯಲ್ಲಿ ಹೆಸರುಗಳನ್ನು ಗುರುತಿಸಿ, ಆಮೇಲೆ ಗ್ರಾಮ ಸಭೆಯಲ್ಲಿ ಅಂತಿಮಗೊಳಿಸಿ. ಸಭೆಯ ದಿನವನ್ನು ಕಚೇರಿಯ ಫಲಕದಲ್ಲಿ ಅಂಟಿಸಿದರೆ ಸಾಲದು. ಕೇರಿ, ಹಟ್ಟಿ, ಹಾಡಿಗಳಲ್ಲಿ ಡಂಗುರ ಸಾರಿಸಬೇಕು. ಕೂಲಿಯವರಿಗೆ ಬಿಡುವಿರುವ ಹೊತ್ತು ನೋಡಿ ಸಮಯ ಗೊತ್ತುಮಾಡಬೇಕು. ಪಟ್ಟಿಯ ಪ್ರತಿ ಹೆಸರನ್ನೂ ಗಟ್ಟಿಯಾಗಿ ಓದಿ, ಆ ಕುಟುಂಬ ಈಗ ಎಲ್ಲಿ, ಎಂಥ ಮನೆಯಲ್ಲಿ ಇದೆ ಎಂಬುದನ್ನು ಹೇಳಿ, ಆಕ್ಷೇಪವಿದ್ದರೆ ಅಲ್ಲಿಯೇ ನಡವಳಿ ಪುಸ್ತಕದಲ್ಲಿ ಬರೆಯಿಸಿ. ಹೆಸರು ಕೈಬಿಟ್ಟರೆ ಕಾರಣವನ್ನೂ ಬರೆಯಿಸಿ. ಪುಟದ ಕೊನೆಯಲ್ಲಿ ಖಾಲಿ ಜಾಗ ಬಿಟ್ಟು ಸಹಿ ಪಡೆಯುವ ಅಭ್ಯಾಸವನ್ನು ದಯವಿಟ್ಟು ಒಪ್ಪಬೇಡಿ, ಆ ಜಾಗದಲ್ಲಿ ಆಮೇಲೆ ಯಾರ ಹೆಸರು ಬರುತ್ತದೆ ಎಂಬುದಕ್ಕೆ ಯಾರೂ ಹೊಣೆಯಾಗುವುದಿಲ್ಲ.

ನಿಜವಾದ ತೊಡಕು ಆಯ್ಕೆಯ ನಂತರ ಶುರುವಾಗುತ್ತದೆ. ನಾನು ಕುಳಿತಿದ್ದ ಒಂದು ಗ್ರಾಮ ಸಭೆಯಲ್ಲಿ ವಯಸ್ಸಾದ ವಿಧವೆಯೊಬ್ಬರ ಹೆಸರು ಓದಿದಾಗ ಇಡೀ ಸಭೆ ಒಪ್ಪಿತು. ಅವರ ಮಣ್ಣಿನ ಗೋಡೆ ಒಂದು ಕಡೆ ಕುಸಿದು, ಅಲ್ಲಿಗೆ ಟಾರ್ಪಾಲು ಕಟ್ಟಿದ್ದು ಎಲ್ಲರಿಗೂ ಗೊತ್ತಿತ್ತು. ಅವರು ಸೆರಗಿನ ಗಂಟಿನಿಂದ ಪ್ಲಾಸ್ಟಿಕ್ ಕವರ್ ಒಂದನ್ನು ತೆಗೆದು, ಪಡಿತರ ಚೀಟಿ, ಆಧಾರ್ ಮತ್ತು ಹಲವು ವರ್ಷಗಳ ಕಂದಾಯದ ರಸೀದಿಗಳನ್ನು ಮೇಜಿನ ಮೇಲೆ ಒಂದೊಂದಾಗಿ ಜೋಡಿಸಿದರು. ರಸೀದಿಗಳೆಲ್ಲ ಎಂದೋ ತೀರಿಕೊಂಡ ಅವರ ಮಾವನ ಹೆಸರಿನಲ್ಲಿದ್ದವು. ವಂಶವೃಕ್ಷ ಮಾಡಿಸಿ, ಖಾತೆ ಬದಲಾಯಿಸಿ, ಇ-ಸ್ವತ್ತು ನಮೂನೆ (ಪಂಚಾಯಿತಿ ಕೊಡುವ ಗಣಕೀಕೃತ ಆಸ್ತಿ ದಾಖಲೆ) ಪಡೆಯುವಷ್ಟರಲ್ಲಿ ಆ ವರ್ಷದ ಗುರಿ ಮುಗಿದಿತ್ತು. ಆ ತಾಯಿ ಮತ್ತೊಂದು ಮಳೆಗಾಲವನ್ನು ಅದೇ ಟಾರ್ಪಾಲಿನ ಕೆಳಗೆ ಕಳೆದರು. ಅಂದಿನಿಂದ ನಾನು ಎಲ್ಲರಿಗೂ ಹೇಳುವುದು ಒಂದೇ: ವಾರ್ಡ್ ಸಭೆಯಲ್ಲಿ ಹೆಸರು ಬಂದ ದಿನವೇ ನಿವೇಶನದ ದಾಖಲೆ ಯಾರ ಹೆಸರಿನಲ್ಲಿದೆ ಎಂದು ನೋಡಿ. ಹಕ್ಕುಪತ್ರವೋ ಇ-ಸ್ವತ್ತಿನ ನಮೂನೆ 9 ಮತ್ತು 11ವೋ ಇದೆಯೇ, ಆಧಾರ್ ಮತ್ತು ಬ್ಯಾಂಕ್ ಪುಸ್ತಕದಲ್ಲಿ ಹೆಸರಿನ ಕಾಗುಣಿತ ಒಂದೇ ಆಗಿದೆಯೇ, ಖಾತೆಗೆ ಆಧಾರ್ ಜೋಡಣೆಯಾಗಿದೆಯೇ ಎಂಬುದನ್ನು ಪರಿಶೀಲಿಸಿ. ಮನೆ ಸಾಮಾನ್ಯವಾಗಿ ಹೆಣ್ಣುಮಕ್ಕಳ ಹೆಸರಿಗೆ ಮಂಜೂರಾಗುವುದರಿಂದ, ಗಂಡನ ಅಥವಾ ಮಾವನ ಹೆಸರಿನಲ್ಲಿರುವ ಜಾಗದ ಪ್ರಶ್ನೆ ಮತ್ತೆ ಮತ್ತೆ ಎದುರಾಗುತ್ತದೆ. ನಿವೇಶನವೇ ಇಲ್ಲದವರ ಪಟ್ಟಿಯನ್ನು ಬೇರೆಯಾಗಿ ಮಾಡಿ, ಜಾಗಕ್ಕಾಗಿ ಠರಾವು ಮಾಡಿ ತಾಲ್ಲೂಕು ಪಂಚಾಯಿತಿಗೂ ತಹಶೀಲ್ದಾರರಿಗೂ ಕಳುಹಿಸಿ.

ಹಣದ ಲೆಕ್ಕವನ್ನು ಫಲಾನುಭವಿಗೆ ಮೊದಲೇ ಬಿಡಿಸಿ ಹೇಳಬೇಕು. ಪ್ರಧಾನ ಮಂತ್ರಿ ಆವಾಸ್ ಯೋಜನೆಯಲ್ಲಿ ಬಯಲು ಪ್ರದೇಶದ ಮನೆಗೆ 1.20 ಲಕ್ಷ ರೂಪಾಯಿ ಸಹಾಯಧನವಿದ್ದು, ಅದನ್ನು ಕೇಂದ್ರ ಮತ್ತು ರಾಜ್ಯ 60:40ರ ಪ್ರಮಾಣದಲ್ಲಿ ಭರಿಸುತ್ತವೆ. ಮನೆ ಅಡುಗೆಯ ಜಾಗವೂ ಸೇರಿ ಕನಿಷ್ಠ 25 ಚದರ ಮೀಟರ್, ಅಂದರೆ ಸುಮಾರು 269 ಚದರ ಅಡಿ ಇರಬೇಕು. ಭಾಗಿಸಿ ನೋಡಿದರೆ ಚದರ ಅಡಿಗೆ 450 ರೂಪಾಯಿಯೂ ಆಗುವುದಿಲ್ಲ. ಇದು ಇಂದಿನ ಸಿಮೆಂಟ್, ಕಬ್ಬಿಣ, ಗಾರೆ ಕೆಲಸದ ಕೂಲಿಗೆ ಸಾಲದು. ಶೌಚಾಲಯದ ಸಹಾಯಧನ ಮತ್ತು ಉದ್ಯೋಗ ಖಾತರಿಯ ಕೂಲಿಯನ್ನು ತಪ್ಪದೆ ಜೋಡಿಸಿಕೊಡುವುದು ಪಂಚಾಯಿತಿಯ ಹೊಣೆ. ರಾಜ್ಯದ ಯೋಜನೆಗಳಲ್ಲಿ ತಳಪಾಯ, ಲಿಂಟಲ್, ಛಾವಣಿ, ಪೂರ್ಣ ಎಂಬ ಹಂತಗಳು ಮುಗಿದಂತೆ, ಜಿಪಿಎಸ್ ಫೋಟೋ ತೆಗೆದ ಮೇಲೆ ಬಿಲ್ಲಿನ ಹಣ ಖಾತೆಗೆ ಬರುತ್ತದೆ. ತಳಪಾಯದ ಖರ್ಚನ್ನು ಬಡವರೇ ಮೊದಲು ಹೊಂದಿಸಬೇಕಾಗುವುದರಿಂದ ಅನೇಕರು ಬಡ್ಡಿ ಸಾಲಕ್ಕೆ ಕೈಚಾಚುತ್ತಾರೆ. ಅಂಥವರನ್ನು ಸ್ತ್ರೀಶಕ್ತಿ ಅಥವಾ ಸಂಜೀವಿನಿ ಸಂಘದ ಸಾಲಕ್ಕೆ ಜೋಡಿಸಿ, ಹಳೆಯ ಮನೆಯ ಕಲ್ಲು, ಮರಗಳನ್ನು ಉಳಿಸಿಕೊಳ್ಳಲು ತಿಳಿಸಿ. ಕಾರ್ಯಾದೇಶ ಕೈಗೆ ಬರುವ ಮೊದಲು ಹಳೆಯ ಮನೆ ಕೆಡವಬಾರದೆಂದು ಎರಡು ಸಲ ಹೇಳಿ. ಫೋಟೋ ತೆಗೆಯಲು ಯಾರಿಗೂ ಹಣ ಕೊಡಬೇಕಾಗಿಲ್ಲ ಎಂಬುದನ್ನೂ ಸಭೆಯಲ್ಲಿಯೇ ಸಾರಿ ಹೇಳಿ.

ಪಟ್ಟಿಯಲ್ಲಿ ಅನ್ಯಾಯವಾಗಿದೆ ಎನಿಸಿದ ನಾಗರಿಕರು ಮೊದಲು ಪಂಚಾಯಿತಿಗೆ, ಅಲ್ಲಿ ಆಗದಿದ್ದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಹಣಾಧಿಕಾರಿಗೆ ಲಿಖಿತ ಅರ್ಜಿ ಕೊಟ್ಟು, ಸ್ವೀಕೃತಿ ಪಡೆಯಬೇಕು. ಮಾಹಿತಿ ಹಕ್ಕು ಅಧಿನಿಯಮ, 2005ರ ಅಡಿ 10 ರೂಪಾಯಿ ಶುಲ್ಕದೊಂದಿಗೆ ಗ್ರಾಮ ಸಭೆಯ ನಡವಳಿ, ಹಾಜರಾತಿ ಮತ್ತು ಆಯ್ಕೆ ಪಟ್ಟಿಯ ಪ್ರತಿಗಳನ್ನು ಕೇಳಿದರೆ 30 ದಿನಗಳೊಳಗೆ ಉತ್ತರ ಬರಬೇಕು. ಪಟ್ಟಿಯ ಯಾವುದೇ ಮನೆ ರದ್ದಾದರೆ ಅದರ ಬದಲಿಗೆ ಯಾರ ಹೆಸರು ಬಂತು, ಆ ಹೆಸರು ಗ್ರಾಮ ಸಭೆಯ ಮೂಲ ಪಟ್ಟಿಯಲ್ಲಿತ್ತೇ ಎಂಬುದನ್ನು ಅದೇ ಅರ್ಜಿಯಲ್ಲಿ ಕೇಳಿ.