ಡಿಲೈಟ್‌ನ ಗ್ರಿಲ್‌ಗಾಗಿ ಹದಿನಾಲ್ಕು ತಿಂಗಳು

ಅಪ್ಪನ 1967ರ ಫಿಯಟ್ 1100 ಡಿಲೈಟ್ ಮೈಸೂರಿನ ನಮ್ಮ ಮನೆ ಹಿಂದಿನ ಶೆಡ್‌ನಲ್ಲಿ ಹತ್ತೊಂಬತ್ತು ವರ್ಷ ನಿಂತಿತ್ತು. ಬಾಗಿಲು ತೆಗೆದಾಗ ಎಂಜಿನ್ ಜಾಮ್ ಆಗಿತ್ತು. ನಾಲ್ಕೂ ಬ್ರೇಕ್ ಡ್ರಮ್ ಹಿಡಿದುಕೊಂಡಿದ್ದವು. ಮುಂದಿನ ಗ್ರಿಲ್ ಯಾರು ಬಿಚ್ಚಿ ಎಲ್ಲಿಟ್ಟರೋ, ಇರಲೇ ಇಲ್ಲ.

ಮೊದಲು ಎಂಜಿನ್ ಕೆಲಸ. ಸೆಲ್ಫ್ ಹೊಡೆಯಲು ಹೋಗಲಿಲ್ಲ. ಜಾಮ್ ಆದ ಎಂಜಿನ್ನಿಗೆ ಬಲ ಹಾಕಿದರೆ ಪಿಸ್ಟನ್ ರಿಂಗ್ ಮುರಿಯಬಹುದು. ನಾಲ್ಕೂ ಪ್ಲಗ್ ಬಿಚ್ಚಿ, ಡೀಸೆಲ್ ಬೆರೆಸಿದ ಆಯಿಲ್ ಸುರಿದು ಹತ್ತು ದಿನ ಸುಮ್ನೆ ಬಿಟ್ಟೆ. ಹನ್ನೊಂದನೇ ದಿನ ಮುಂದಿನ ಪುಲ್ಲಿಗೆ ಉದ್ದ ಸ್ಪ್ಯಾನರ್ ಹಾಕಿ ಮೆಲ್ಲಗೆ ಒತ್ತಿದೆ. ಒಂದು ಬೆರಳಷ್ಟು ತಿರುಗಿತು. ಅವತ್ತಿನ ಖುಷಿ ಈಗಲೂ ನೆನಪಿದೆ. ಆಮೇಲೆ ಬೋರಿಂಗ್ ಮಾಡಿಸಿ, ಅಂದರೆ ಸಿಲಿಂಡರ್ ಒಳಗೋಡೆ ಸ್ವಲ್ಪ ಕೊರೆಸಿ, ಅದಕ್ಕೆ ತಕ್ಕ ಓವರ್‌ಸೈಜ್ ಪಿಸ್ಟನ್ ಹಾಕಿಸಿದೆ.

ಎಂಜಿನ್ ಸಾಮಾನಿಗೆ ಅಷ್ಟೇನೂ ಪರದಾಡಲಿಲ್ಲ. ಫಿಯಟ್ ಕಾರುಗಳನ್ನು ಇಲ್ಲಿ ತಯಾರಿಸುತ್ತಿದ್ದ ಪ್ರೀಮಿಯರ್ ಕಂಪನಿಯವರು ಮುಂಬಯಿಯ ಕುರ್ಲಾದಲ್ಲಿ ಡಿಲೈಟ್ ಶುರು ಮಾಡಿದ್ದು 1964ರಲ್ಲಿ. ಅದೇ ಗಾಡಿ ಮುಂದೆ ಪ್ರೆಸಿಡೆಂಟ್ ಆಗಿ, 1974ರಲ್ಲಿ ಪದ್ಮಿನಿ ಆಯಿತು. ಅದೇ 1089 ಸಿಸಿ ಎಂಜಿನ್ ದಶಕಗಟ್ಟಲೆ ಮುಂಬಯಿಯ ಟ್ಯಾಕ್ಸಿಗಳಲ್ಲಿ ಓಡಿತಲ್ವಾ! ಕಷ್ಟವಾಗಿದ್ದು ಕಾರಿನ ಮೈಮೇಲಿನ ಸಾಮಾನಿಗೆ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಗ್ರಿಲ್ ಕೇಳಿದರೆ ಅಂಗಡಿಯವರದು ಒಂದೇ ಉತ್ತರ: "ಪದ್ಮಿನಿದು ಬೇಕಾದ್ರೆ ಈಗ್ಲೇ ಕೊಡ್ತೀನಿ ಸಾರ್. ಡಿಲೈಟ್‌ದು ಎಲ್ಲಿಂದ ತರ್ಲಿ?" ಪದ್ಮಿನಿ ಗ್ರಿಲ್ ಹಾಕಿದ್ದರೆ ಅಪ್ಪನ ಕಾರಿನ ಮುಖವೇ ಹೋಗುತ್ತಿತ್ತು. ಖಾಲಿ ಬಾಯಿ ಬಿಟ್ಟುಕೊಂಡೇ ನಿಲ್ಲಲಿ ಅಂತ ಬಿಟ್ಟೆ.

ಹದಿನಾಲ್ಕು ತಿಂಗಳ ಮೇಲೆ, ಹಳೇ ಗಾಡಿ ಸಾಮಾನು ಮಾರುವ ಚೆನ್ನೈನ ಪುದುಪೇಟೆಯಲ್ಲಿ, ರೇಡಿಯೇಟರ್ ರಾಶಿಯ ಕೆಳಗೆ ಗ್ರಿಲ್ ಸಿಕ್ಕಿತು. ಒಂದು ಮೂಲೆ ನಗ್ಗಿತ್ತು. ಮರಳು ಚೀಲದ ಮೇಲಿಟ್ಟು ಮರದ ಸುತ್ತಿಗೆಯಿಂದ ನಾನೇ ಎರಡು ದಿನ ತಟ್ಟಿ ಸರಿ ಮಾಡಿದೆ. ಕೂರಿಸಿದಾಗ ಸ್ಕ್ರೂ ತೂತುಗಳು ಸರಿಯಾಗಿ ಎದುರುಬದುರು ಬಂದವು.

ಕ್ರೋಮ್ ವಿಷಯದಲ್ಲಿ ಒಂದು ಪೆಟ್ಟು ತಿಂದೆ. ಬಾಗಿಲ ಹ್ಯಾಂಡಲ್‌ಗಳು ಸತುವಿನ ಎರಕ. ಹಳೇ ಕ್ರೋಮ್ ತೆಗೆಯಲು ಬಂಪರಿನ ಉಕ್ಕಿನ ಹಾಗೆ ಇದನ್ನು ಆಸಿಡ್‌ನಲ್ಲಿ ಬಿಡಬಾರದು. ಬಿಟ್ಟರೆ ಆಸಿಡ್ ಸತುವನ್ನೇ ತಿಂದುಬಿಡುತ್ತದೆ. ಪ್ಲೇಟಿಂಗ್‌ಗೆ ಕೊಟ್ಟ ಕಡೆ ಎಲ್ಲವನ್ನೂ ಒಂದೇ ತೊಟ್ಟಿಗೆ ಹಾಕಿದರು. ಒಂದು ಹ್ಯಾಂಡಲ್ ಜೇನುಗೂಡಾಗಿ ಬಂತು. ಎರಡನೇ ಸಲ ಬೇರೆ ಕಡೆ ಕೊಟ್ಟೆ. ಮೊದಲು ತಾಮ್ರ, ಆಮೇಲೆ ನಿಕಲ್, ಕೊನೆಗೆ ಕ್ರೋಮ್ ಅಂತ ಚೀಟಿಯಲ್ಲೇ ಬರೆದುಕೊಟ್ಟೆ. ನೀವೂ ಹಾಗೇ ಮಾಡಿ.

ನನ್ನ ಇಷ್ಟಕ್ಕೆ ಮಾಡಿಕೊಂಡ ಬದಲಾವಣೆ ಮೂರೇ. ಗಾಜಿನ ಮೇಲೆ ತಗಡಿನ ಸನ್ ವೈಸರ್, ತಲೆ ಮೇಲೆ ಲಗೇಜ್ ಕ್ಯಾರಿಯರ್, ಹೆಡ್‌ಲೈಟಿನ ಕರೆಂಟ್ ಹಳೇ ಸ್ವಿಚ್ ಮೂಲಕ ಹಾಯದಂತೆ, ಕಣ್ಣಿಗೆ ಕಾಣದ ಹಾಗೆ ಒಂದು ರಿಲೇ. ಮೊದಲೆರಡೂ ಆ ಕಾಲದ್ದೇ ಮಾಲು. ವೈಸರ್ ಬೆಂಗಳೂರಿನ ಸಂಡೇ ಬಜಾರಿನಲ್ಲಿ ಸಿಕ್ಕಿತು. ಯಾವುದಕ್ಕೂ ಬಾಡಿಯಲ್ಲಿ ಹೊಸ ತೂತು ಕೊರೆದಿಲ್ಲ. ಸ್ಟೇರಿಂಗ್ ಪಕ್ಕದ ಗೇರನ್ನು ನೆಲಕ್ಕೆ ಇಳಿಸು ಅಂತ ಗೆಳೆಯರು ಹೇಳಿದರು. ಒಪ್ಪಲಿಲ್ಲ. ಗೇರ್ ಕೀಲುಗಳ ಸವೆದ ಬುಷ್‌ಗಳನ್ನು (ಒಳಗಿನ ಬಳೆಗಳನ್ನು) ಲೇಥ್‌ನಲ್ಲಿ ಹೊಸದಾಗಿ ಕಡೆಸಿದೆ, ಗೇರ್ ಬೆಣ್ಣೆ ಥರ ಬೀಳುತ್ತದೆ. 2021ರ ಕೇಂದ್ರದ ನಿಯಮದ ಪ್ರಕಾರ 50 ವರ್ಷ ದಾಟಿದ ಗಾಡಿಗೆ ವಿಂಟೇಜ್ ನೋಂದಣಿ ಬೇಕೆಂದರೆ ಚಾಸಿ, ಬಾಡಿ, ಎಂಜಿನ್ ಮೂಲರೂಪದಲ್ಲೇ ಇರಬೇಕು. ಹಾಗೆ ನೋಂದಣಿಯಾದ ಗಾಡಿಯನ್ನು ದಿನಾ ಓಡಿಸುವಂತಿಲ್ಲ. ಹಳೇ ಗಾಡಿಯ ಬಾಡಿ ಕತ್ತರಿಸುವ ಮುಂಚೆ ಇದನ್ನು ಯೋಚಿಸಿ.

ಹಾಳಾದ ಆ ಹ್ಯಾಂಡಲ್‌ಗೆ ಜೋಡಿ ಇನ್ನೂ ಸಿಕ್ಕಿಲ್ಲ. ಅಮ್ಮ ಹಿಂದೆ ಕೂರುವಾಗ ನಾನೇ ಒಳಗಿನಿಂದ ಬಗ್ಗಿ ಬಾಗಿಲು ತೆಗೆಯುತ್ತೇನೆ. ಮುಂದಿನ ತಿಂಗಳು ಮತ್ತೆ ಪುದುಪೇಟೆಗೆ ಹೊರಟಿದ್ದೇನೆ.