ಸ್ಕಿಜೋಫ್ರೀನಿಯಾ: ಡಾಕ್ಟರ ಮುಂದಿಡುವ ಒಂದು ಹಾಳೆ ಬರೆಯುವುದು ಹೇಗೆ?

‘ಮುಂಬೈಗೆ ಬಂದ ಮೇಲೇ ಹುಡುಗನ ತಲೆ ಕೆಟ್ಟದ್ದು’ ಎಂಬ ಮಾತು ಡೊಂಬಿವಲಿ, ಮೀರಾ ರೋಡ್‌ನ ನಮ್ಮವರ ಮನೆಗಳಲ್ಲಿ ಹೊಸದಲ್ಲ. ಇಲ್ಲದ ದನಿ ಕೇಳಿಸುವ, ಇಲ್ಲದ ಸಂಶಯ ಕಾಡುವ ಸ್ಕಿಜೋಫ್ರೀನಿಯಾ ಎಂಬ ಈ ಮನೋರೋಗಕ್ಕೂ ಊರಿಗೂ ನಂಟಿದೆ, ಆದರೆ ಅಷ್ಟು ನೇರವಾಗಿಲ್ಲ. ಡೆನ್ಮಾರ್ಕ್‌ನಂಥ ಕಡೆ ದೊಡ್ಡ ಪಟ್ಟಣದಲ್ಲಿ ಹುಟ್ಟಿ ಬೆಳೆದವರಲ್ಲಿ ಇದು ಹಳ್ಳಿಗರಿಗಿಂತ ಸುಮಾರು ಎರಡು ಪಟ್ಟು. ಬಡ, ಮಧ್ಯಮ ಆದಾಯದ ದೇಶಗಳಲ್ಲಿ ಹುಡುಕಿದಾಗ ಆ ಅಂತರ ಸಿಗಲಿಲ್ಲ. ಎರಡು ಪಟ್ಟು ಎಂದರೂ ಹೆದರಬೇಕಿಲ್ಲ: ಜೀವಮಾನದಲ್ಲಿ ಇದು ಬರುವುದು ನೂರಕ್ಕೆ ಒಬ್ಬರಿಗಿಂತಲೂ ಕಡಿಮೆ ಜನರಿಗೆ.

ಹಾಗಾಗಿ ಊರನ್ನು ದೂರುವುದು ಬಿಟ್ಟು, ಮನೋವೈದ್ಯರ ಬಳಿ ಹೋಗುವ ಹಿಂದಿನ ರಾತ್ರಿ ಒಂದು ಹಾಳೆ ತೆಗೆದುಕೊಳ್ಳಿ.

ಮೊದಲು ಮನೆತನ. ಅಪ್ಪನ ಕಡೆ, ಅಮ್ಮನ ಕಡೆ ಎರಡನ್ನೂ ಬರೆಯಿರಿ. ತಂದೆ ಅಥವಾ ತಾಯಿಗೆ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಸುಮಾರು ನೂರಕ್ಕೆ ಹತ್ತು. ಉಳಿದ ತೊಂಬತ್ತು ಮಂದಿಗೆ ಬರುವುದಿಲ್ಲ. ಇಲ್ಲೇ ಎಡವುವುದು: ‘ನಮ್ಮಲ್ಲಿ ಯಾರಿಗೂ ಇಲ್ಲ’ ಎಂದುಬಿಡುತ್ತೇವೆ. ಮನೆ ಬಿಟ್ಟು ಹೋದ ದೊಡ್ಡಪ್ಪ, ‘ಗಾಳಿ ಸೋಕಿದೆ’ ಎಂದು ಕೋಣೆಯಲ್ಲೇ ಇಟ್ಟಿದ್ದ ಅತ್ತೆ, ಇವರನ್ನೂ ಸೇರಿಸಿ.

ಎರಡನೆಯದು ಗಾಂಜಾ. ಯಾವ ವಯಸ್ಸಿಗೆ ಶುರು, ವಾರಕ್ಕೆ ಎಷ್ಟು ದಿನ? ಹದಿಹರೆಯದಲ್ಲೇ ಶುರುವಾದ, ದಿನಾ ಸೇದುವ, ಕಡು ಮಾಲಿನ ಚಟ ಅಪಾಯವನ್ನು ಖಂಡಿತ ಏರಿಸುತ್ತದೆ. ಗೋವಾಕ್ಕೆ ಕೆಲಸಕ್ಕೆ ಹೋದ ಹುಡುಗನನ್ನು ಅಪ್ಪನ ಎದುರು ಇದನ್ನು ಕೇಳಬೇಡಿ, ನಿಜ ಬಾಯಿಗೆ ಬರುವುದಿಲ್ಲ.

ಊರುಗಳ ಬಗ್ಗೆ ಎರಡೇ ಸಾಲು ಸಾಕು: ಹುಟ್ಟಿದ್ದೆಲ್ಲಿ, ಎಷ್ಟನೇ ವಯಸ್ಸಿಗೆ ಬಂದದ್ದು, ಈಗ ಯಾರ ಜೊತೆ ಇರುವುದು.

ಹೆಚ್ಚು ಜಾಗ ಬಿಡಬೇಕಾದ್ದು ಕಾಯಿಲೆಯ ಸುಳಿವುಗಳಿಗೆ. ‘ಗಣಪತಿ ಹಬ್ಬಕ್ಕೆ ಸರಿ ಇದ್ದ, ದೀಪಾವಳಿಗೆ ಸ್ನಾನ ಬಿಟ್ಟ, ಸಂಕ್ರಾಂತಿ ಹೊತ್ತಿಗೆ ಪಕ್ಕದ ಮನೆಯವರು ತನ್ನ ಬಗ್ಗೆಯೇ ಮಾತಾಡುತ್ತಾರೆ ಎಂದ’, ಹೀಗೆ ಹಬ್ಬ ಹಿಡಿದು ಬರೆದರೆ ತಾರೀಖು ತಪ್ಪುವುದಿಲ್ಲ. ನಿದ್ದೆ, ಊಟ, ಕೆಲಸಕ್ಕೆ ಹೋಗದ ದಿನಗಳೂ ಬರಲಿ.

ರೋಗಿಯ ಮಾತನ್ನು ಅವರದೇ ಕನ್ನಡದಲ್ಲೋ ತುಳುವಿನಲ್ಲೋ ಬರೆದು, ಪಕ್ಕದಲ್ಲಿ ಹಿಂದಿ ಅಥವಾ ಮರಾಠಿ ಅರ್ಥ ಕೊಡಿ. ‘ದೇವರು ಮಾತಾಡಿದ’ ಎಂದರೆ ಭೂತಕೋಲದ ದರ್ಶನವೋ, ಲೋಕಲ್ ಟ್ರೈನಿನಲ್ಲಿ ನಿಂತಾಗ ಕಿವಿಯಲ್ಲಿ ಬೈಯುವ ದನಿಯೋ? ಡಾಕ್ಟರಿಗೆ ಎರಡೂ ಒಂದೇ ಅಲ್ಲ. ಅದನ್ನು ಬಿಡಿಸಿ ಹೇಳಬೇಕಾದವರು ಜೊತೆಗೆ ಹೋದ ನೀವೇ.